ಒಳಗಿದೆ, ಕೊಡುವುದಿಲ್ಲ

ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಏನನ್ನಾದರೂ ಕೊಳ್ಳಬೇಕೆಂಬ ಆಸೆ ಹುಟ್ಟುವುದೇ ಒಂದು ಅಪಚಾರ. ಸದಾಶಿವ ಪೇಠೆ, ನಾರಾಯಣ ಪೇಠೆಗಳ ಹಳೆಯ ಅಂಗಡಿಗಳು ಆ ಹೊತ್ತಿಗೆ ಬಾಗಿಲು ಅರ್ಧ ಎಳೆದುಕೊಂಡಿರುತ್ತವೆ. ಒಳಗೆ ಬಾಕರವಡಿ ಇದೆ, ತಕ್ಕಡಿ ಇದೆ, ಚಿಲ್ಲರೆ ಇದೆ, ಮಾಲೀಕರೂ ಇದ್ದಾರೆ, ಅವರ ಗೊರಕೆ ಬೀದಿಗೆ ಕೇಳಿಸುತ್ತದೆ. ಕೊಡುವ ಮಾತು ಮಾತ್ರ ಇಲ್ಲ. ತಿಂಡಿಯಂಗಡಿಯ ಚಿತಳೆ ಬಂಧುಗಳ ಮಧ್ಯಾಹ್ನದ ವಿರಾಮದ ಮೇಲೆ ಹುಟ್ಟಿದ ಜೋಕುಗಳನ್ನೆಲ್ಲ ಕೂಡಿಸಿದರೆ ಒಂದು ಸಂಪುಟವಾದೀತು. ಕೆಲವು ವರ್ಷಗಳ ಹಿಂದೆ ಅವರು ಇನ್ನು ಮೇಲೆ ಮಧ್ಯಾಹ್ನವೂ ಅಂಗಡಿ ತೆರೆದಿರುತ್ತದೆ ಎಂದಾಗ ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ಅಂಗಡಿ ತೆರೆದಿರುವುದೇ ಸುದ್ದಿಯಾಗುವ ಊರು ಇನ್ನೊಂದಿದೆಯೋ ಇಲ್ಲವೋ.

ನಾನು ಧಾರವಾಡದವನು. ಊಟವಾದ ಮೇಲೆ ಊರಿಗೆ ಊರೇ ಅಡ್ಡಾಗುವುದು ನನಗೆ ಹೊಸದೇನಲ್ಲ. ಹೊಸದೆನಿಸಿದ್ದು ಅದನ್ನು ಬೋರ್ಡಿನ ಮೇಲೆ ಬರೆದು ತೂಗುಹಾಕುವ ಧೈರ್ಯ. ಇವರು ಅದಕ್ಕೆ ಪಾಟಿ ಎನ್ನುತ್ತಾರೆ. ಬೆಲ್ ಒಂದೇ ಸಲ ಒತ್ತಿ, ಮನೆಯವರಿಗೆ ಕಿವಿ ಕೇಳಿಸುತ್ತದೆ. ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು. ಹೀಗೆ ಅವುಗಳ ಧಾಟಿ. ಮೊದಮೊದಲು ಓದಿದಾಗ ಮೈ ಉರಿಯುತ್ತದೆ. ವರ್ಷಗಳು ಕಳೆದಂತೆ ಒಂದು ಬಗೆಯ ಗೌರವ ಹುಟ್ಟುತ್ತದೆ. ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮೆಟ್ಟಿಲು ಹತ್ತುವ ಮೊದಲೇ ಗೊತ್ತಾಗಿಬಿಡುತ್ತದಲ್ಲ, ಅದೇನು ಸಣ್ಣ ಉಪಕಾರವೆ?

ಈಚೆಗೆ ನಮ್ಮ ಮನೆಯ ಯಂತ್ರಗಳೂ ಇದೇ ವಿದ್ಯೆ ಕಲಿತಿವೆ, ಪಾಟಿ ಹಾಕುವ ಸಭ್ಯತೆಯೊಂದನ್ನು ಬಿಟ್ಟು.

ಕಳೆದ ನವೆಂಬರಿನ ಮಾತು. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ತಾವಿನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ನಂಬಿಸಬೇಕು. ಅದಕ್ಕೆ ಸಂಬಂಧಪಟ್ಟ ಒಂದು ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸೋಣವೆಂದು ಪ್ರಿಂಟರಿನ ಮುಚ್ಚಳ ತೆಗೆದು, ಗಾಜಿನ ಮೇಲೆ ಹಾಸಿ, ಗುಂಡಿ ಒತ್ತಿದೆ. ಕಂಪನಿಯ ಹೆಸರು ಬೇಡ, ಎಲ್ಲರ ಮನೆಯಲ್ಲೂ ಇರುವಂಥದ್ದೇ, ಮುದ್ರಣ, ನಕಲು, ಸ್ಕ್ಯಾನ್ ಮೂರನ್ನೂ ಮಾಡುತ್ತೇನೆಂದು ಡಬ್ಬಿಯ ಮೇಲೆ ಕೊಚ್ಚಿಕೊಂಡ ಯಂತ್ರ. ಅದು ಎರಡು ಸಲ ಕೆಮ್ಮಿ, ಕೆಂಪು ದೀಪ ಮಿಟುಕಿಸಿ, ಹಳದಿ ಶಾಯಿ ಮುಗಿದಿದೆ, ಹೊಸ ಕಾರ್ಟ್ರಿಡ್ಜ್ ಹಾಕಿ ಎಂದಿತು. ನನ್ನ ಕಾಗದದಲ್ಲಿ ಹಳದಿ ಎಲ್ಲೂ ಇರಲಿಲ್ಲ. ಇದ್ದಿದ್ದರೂ ನಾನು ಮುದ್ರಿಸು ಎನ್ನಲಿಲ್ಲ, ನೋಡು ಎಂದಿದ್ದೆ. ಅಡುಗೆಮನೆಯಿಂದ ಬಂದ ಹೆಂಡತಿ ದೀಪ ನೋಡಿ, ನನ್ನ ಮುಖ ನೋಡಿ, "ಕಾಗದ ನೋಡಾಕ ಶಾಯಿ ಯಾಕ ಬೇಕ್ರಿ?" ಎಂದಳು. ನಾನು ಜೀವಂತ ಇದ್ದೇನೆ ಎಂಬುದು ಹಳದಿ ಶಾಯಿಗೆ ಜೋತುಬಿದ್ದ ಆ ಗಳಿಗೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋದೆ. ಪುಣೆಯಲ್ಲಿ ವೈರು, ಬಲ್ಬು, ಕಂಪ್ಯೂಟರಿನ ಕೈಕಾಲು ಯಾವುದು ಬೇಕಾದರೂ ಆ ಇಕ್ಕಟ್ಟಿನಲ್ಲಿ ಸಿಗುತ್ತದೆ. ಎರಡು ಕೌಂಟರುಗಳ ನಡುವಿನ ಸಂದಿಯಂಥ ಅಂಗಡಿಯಲ್ಲಿ ಕೂತಿದ್ದ ಹುಡುಗ ಪ್ರಿಂಟರನ್ನು ತಿರುಗಿಸಿ, ಬೆನ್ನು ತಟ್ಟಿ, ಬಟನ್ ಒತ್ತಿ, "ಕಾಕಾ, ಮಶೀನ್ ಏಕ್‌ದಮ್ ಓಕೆ ಆಹೇ. ತ್ಯಾಲಾ ಗಪ್ಪ ಬಸಾಯ್ಲಾ ಸಾಂಗಿತ್ಲಂಯ್" ಎಂದ. ಯಂತ್ರ ಸರಿಯಾಗಿಯೇ ಇದೆ, ಅದಕ್ಕೆ ಗಪ್ಪ ಕೂಡು ಎಂದು ಹೇಳಿಟ್ಟಿದ್ದಾರೆ. ಆಮೇಲೆ ಕಾರ್ಟ್ರಿಡ್ಜನ್ನು ಹೊರಗೆಳೆದು ಅದರ ಬೆನ್ನಿಗೆ ಅಂಟಿದ್ದ ಕಿರುಬೆರಳಿನ ಉಗುರಿನಷ್ಟು ಹಸಿರು ತುಂಡೊಂದನ್ನು ತೋರಿಸಿದ. ಅದರ ಮೇಲೆ ಬಂಗಾರದ ಬಣ್ಣದ ಸಣ್ಣ ಚುಕ್ಕೆಗಳು. ಶಾಯಿ ಎಷ್ಟು ಖರ್ಚಾಗಿರಬೇಕು ಎಂದು ಲೆಕ್ಕ ಹಾಕುವ ಚಿಪ್ ಅದು. ಕಾರ್ಟ್ರಿಡ್ಜನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ, ಒಳಗೆ ಶಾಯಿ ತುಳುಕಿತು. ಚಿಪ್ಪಿನ ಪ್ರಕಾರ ಅದು ಖಾಲಿ. ತುಳುಕುವುದು ಸುಳ್ಳು, ಚಿಪ್ ಹೇಳಿದ್ದು ಸತ್ಯ.

ಕೆಟ್ಟದ್ದನ್ನು ನಾವು ಸಹಿಸಿಕೊಂಡು ಬಂದವರು. ಕರೆಂಟು ಹೋದರೆ, ಟೆಲಿಫೋನು ಸತ್ತರೆ, ಟಿವಿಯಲ್ಲಿ ಅಡ್ಡಡ್ಡ ಗೆರೆ ಬಂದರೆ ಒಂದು ಗುದ್ದು ಕೊಟ್ಟು ಸುಮ್ಮನಾಗುತ್ತಿದ್ದೆವು. ಸರಿಯಿದ್ದೂ ಕೆಲಸ ಮಾಡದಂತೆ ಕಟ್ಟಿಹಾಕಿದ ಯಂತ್ರಕ್ಕೆ ಗುದ್ದಿ ಉಪಯೋಗವಿಲ್ಲ. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದೆ. ಹತ್ತಿದಷ್ಟೂ ಅದು ದೊಡ್ಡದಾಗುತ್ತ ಹೋಯಿತು, ಪಿಂಚಣಿದಾರನಿಗೆ ಬೇರೇನು ಕೆಲಸ.

ಈ ಕಟ್ಟಿಹಾಕುವ ವಿದ್ಯೆಗೆ ಕಂಪ್ಯೂಟರಿಗಿಂತ ಹಳೆಯ ವಂಶಾವಳಿ ಇದೆ. 1849ರಲ್ಲೇ ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪುಯಿ ಎಂಬವರು ರೈಲಿನ ಮೂರನೇ ದರ್ಜೆಯ ಬೋಗಿಗಳಿಗೆ ಚಾವಣಿ ಏಕಿಲ್ಲ ಎಂದು ಕೇಳಿ, ಉತ್ತರವನ್ನೂ ಕೊಟ್ಟಿದ್ದರು. ಚಾವಣಿಗೆ ತಗಲುವ ಖರ್ಚು ಕಂಪನಿಗೆ ಹೊರೆಯೇನಲ್ಲ. ಬಡವರನ್ನು ನೆನೆಸಬೇಕೆಂಬ ದ್ವೇಷವೂ ಇಲ್ಲ. ಎರಡನೇ ದರ್ಜೆಯ ಟಿಕೆಟಿಗೆ ಹಣವಿರುವವರು ಮೂರನೆಯದಕ್ಕೆ ಇಳಿಯಬಾರದು, ಅಷ್ಟಕ್ಕೇ ಚಾವಣಿ ಇಲ್ಲ. ಅಂದರೆ ಮಳೆಯಲ್ಲಿ ತೊಯ್ಯುವವನು ಬಡವ, ಹೆದರಿಸಬೇಕಾದದ್ದು ಪಕ್ಕದ ಬೋಗಿಯವನನ್ನು. ಇದನ್ನು ಓದಿದ ಮೇಲೆ ನನ್ನ ಪ್ರಿಂಟರಿನ ಕೆಂಪು ದೀಪ ಬೇರೆಯಾಗಿಯೇ ಕಾಣತೊಡಗಿತು.

ಐಬಿಎಂ 1990ರಲ್ಲಿ ಲೇಸರ್ ಪ್ರಿಂಟರ್ ಇ ಎಂಬ ಅಗ್ಗದ ಮಾದರಿಯೊಂದನ್ನು ತಂದಿತು. ಅದರ ಅಣ್ಣ ನಿಮಿಷಕ್ಕೆ 10 ಪುಟ ಮುದ್ರಿಸಿದರೆ ಇದು 5 ಪುಟ. ಒಳಗಿನ ಯಂತ್ರ ಎರಡರದೂ ಒಂದೇ. ತಮ್ಮನ ಹೊಟ್ಟೆಯೊಳಗೆ ಮಾತ್ರ ನಡುನಡುವೆ ಕಾಯಿಸುವ ಹೆಚ್ಚುವರಿ ಏರ್ಪಾಡು. ನಿಧಾನ ಮಾಡುವುದಕ್ಕೇ ಒಂದಷ್ಟು ಖರ್ಚು ಮಾಡಿದ್ದರು! ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಡೆನೆಕೆರ್ ಮತ್ತು ಮೆಕಫೀ, 1996ರಲ್ಲಿ ಇಂಥ ಸರಕುಗಳ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಅದರಲ್ಲಿ ಇಂಟೆಲ್‌ನ 486 ಚಿಪ್ಪಿನ ಕಥೆಯೂ ಬರುತ್ತದೆ. ದಶಾಂಶದ ಲೆಕ್ಕಗಳನ್ನು ಚಕಚಕನೆ ಮಾಡುವ ಗಣಿತದ ಅಂಗ 486ಡಿಎಕ್ಸ್ ಚಿಪ್ಪಿನೊಳಗೇ ಇತ್ತು. 1991ರಲ್ಲಿ ಇಂಟೆಲ್ ಆ ಅಂಗವನ್ನು ನಿಷ್ಕ್ರಿಯ ಮಾಡಿ 486ಎಸ್‌ಎಕ್ಸ್ ಎಂದು ಮಾರಿತು. ಡಿಎಕ್ಸ್‌ಗೆ 588 ಡಾಲರ್, ಎಸ್‌ಎಕ್ಸ್‌ಗೆ 333. ಆಮೇಲೆ ಗಣಿತ ಬೇಕೆನಿಸಿದವರು 487ಎಸ್‌ಎಕ್ಸ್ ಎಂಬ ಸಹಾಯಕ ಚಿಪ್ ಕೊಂಡು ಪಕ್ಕದ ಸಾಕೆಟ್ಟಿಗೆ ಕೂರಿಸಬಹುದಿತ್ತು. ಆ ಸಹಾಯಕ ಅಸಲಿಗೆ ಒಂದು ಪೂರ್ತಿ ಡಿಎಕ್ಸ್. ಕೂತ ತಕ್ಷಣ ಅದು ಹಳೆಯ ಚಿಪ್ಪನ್ನು ಮಲಗಿಸಿ ಎಲ್ಲ ಕೆಲಸವನ್ನೂ ತಾನೇ ವಹಿಸಿಕೊಳ್ಳುತ್ತಿತ್ತು. ಗಿರಾಕಿ ಒಂದೇ ಚಿಪ್ಪನ್ನು ಒಂದೂವರೆ ಸಲ ಕೊಂಡಂತಾಯಿತು, ಬೋರ್ಡಿನ ಮೇಲೆ ಒಂದು ಶವ ಬೇರೆ.

ಇಷ್ಟು ಕೇಳಿದ ಮೇಲೆ ಕಂಪನಿಗಳನ್ನು ಬೈಯುವುದು ಸುಲಭ. ಅದಕ್ಕೇ ಅವರ ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಎಂಜಿನಿಯರ್ ಮಗಳು ಫೋನ್ ಮಾಡಿ "ಅಪ್ಪಾ, ಬಿನ್ನಿಂಗ್ ಅಂದ್ರ ಏನು ಗೊತ್ತೇನು?" ಎಂದು ಶುರು ಮಾಡುತ್ತಾಳೆ. ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ ಒಟ್ಟಿಗೆ ಮೂಡುತ್ತವೆ. ಎಲ್ಲವೂ ಒಂದೇ ಸಮ ಬರುವುದಿಲ್ಲ. ಚಿಪ್ಪಿನಲ್ಲಿ ಲೆಕ್ಕ ಮಾಡುವ ಅಂಗಕ್ಕೆ ಕೋರ್ ಎನ್ನುತ್ತಾರೆ. ನಾಲ್ಕು ಕೋರ್‌ಗಳಲ್ಲಿ ಒಂದು ದೋಷದ್ದಾದರೆ ಅದನ್ನು ಮುಚ್ಚಿ ಮೂರು ಕೋರ್‌ನ ಚಿಪ್ ಎಂದು ಕಡಿಮೆ ಬೆಲೆಗೆ ಮಾರುತ್ತಾರೆ. ಎಸೆಯುವುದಕ್ಕಿಂತ ಒಳ್ಳೆಯದೇ. ತಕರಾರು ಮುಂದಿನದು. ಮೂರು ಕೋರ್‌ನದಕ್ಕೆ ಗಿರಾಕಿ ಹೆಚ್ಚಾಗಿ ದೋಷದ ಮಾಲು ಸಾಲದೆ ಬಂದರೆ, ನಾಲ್ಕೂ ಚೆನ್ನಾಗಿರುವ ಚಿಪ್ಪಿನಲ್ಲಿ ಒಂದನ್ನು ಮುಚ್ಚಿ ಕಳಿಸುತ್ತಾರೆ. ಎಎಂಡಿ ಕಂಪನಿಯ ಫೆನಮ್-2 ಚಿಪ್ಪುಗಳಲ್ಲಿ ಹಾಗೆ ಮುಚ್ಚಿದ ನಾಲ್ಕನೆಯ ಕೋರನ್ನು ಮದರ್‌ಬೋರ್ಡಿನ ಸೆಟ್ಟಿಂಗ್ ಬದಲಿಸಿ ಎಬ್ಬಿಸುವುದು 2009ರ ಸುಮಾರಿಗೆ ಹುಡುಗರ ಹುಚ್ಚಾಗಿತ್ತು. ಎದ್ದರೆ ಲಾಟರಿ, ಎದ್ದು ತೂರಾಡಿದರೆ ಅದು ನಿಜವಾಗಿಯೂ ದೋಷದ್ದು, ಮತ್ತೆ ಮಲಗಿಸಬೇಕು.

ಅದಕ್ಕೂ ಮೊದಲಿನದು ಪೆನ್ಸಿಲ್ ಪ್ರಸಂಗ. 2000ದ ಆಸುಪಾಸಿನ ಎಎಂಡಿ ಅಥ್ಲಾನ್, ಡ್ಯುರಾನ್ ಚಿಪ್ಪುಗಳ ವೇಗವನ್ನು ಕಟ್ಟಿಹಾಕಲು ಮೇಲ್ಮೈಯಲ್ಲಿದ್ದ ಕೆಲವು ಸಣ್ಣ ಸೇತುವೆಗಳನ್ನು ಕತ್ತರಿಸಿ ಬಿಡುತ್ತಿದ್ದರು. ಪೆನ್ಸಿಲ್ಲಿನ ಸೀಸ ವಿದ್ಯುತ್ತನ್ನು ಹಾಯಿಸುತ್ತದೆ. ಕತ್ತರಿಸಿದ ಜಾಗದ ಮೇಲೆ ಪೆನ್ಸಿಲ್ಲಿನಿಂದ ಗೀಟು ಎಳೆದರೆ ಸೇತುವೆ ಕೂಡಿಕೊಂಡು ಬೀಗ ಬಿಡುತ್ತಿತ್ತು. ಕೋಟಿಗಟ್ಟಲೆ ಡಾಲರಿನ ಕಾರ್ಖಾನೆ ಹಾಕಿದ ಬೀಗ ಒಂದೂವರೆ ರೂಪಾಯಿಯ ಪೆನ್ಸಿಲ್ಲಿಗೆ ಸೋತ ಈ ಕಥೆಯನ್ನು ತಪಕೀರ ಗಲ್ಲಿಯ ಹುಡುಗ ನನಗೆ ಹೇಳಿದಾಗ ಅವನ ಕಣ್ಣು ಹೊಳೆಯುತ್ತಿತ್ತು. ಅವನು ಆಗ ಹುಟ್ಟಿಯೂ ಇರಲಿಕ್ಕಿಲ್ಲ. ಗುರುವಿನಿಂದ ಶಿಷ್ಯನಿಗೆ ಬಂದ ಪುರಾಣ ಅದು.

ಆಮೇಲೆ ಬೀಗ ಚಿಪ್ಪಿನ ಬೆನ್ನಿನಿಂದ ಸಾಫ್ಟ್‌ವೇರಿನೊಳಕ್ಕೆ ಸರಿಯಿತು. 2010ರಲ್ಲಿ ಇಂಟೆಲ್ 50 ಡಾಲರಿನ ಒಂದು ಕಾರ್ಡು ತಂದಿತು. ಮೊಬೈಲ್ ರೀಚಾರ್ಜ್ ಕೂಪನ್ನಿನ ಹಾಗೆ ಅದರ ಸಂಖ್ಯೆಯನ್ನು ಟೈಪ್ ಮಾಡಿದರೆ, ಆಗಲೇ ನಿಮ್ಮ ಕಂಪ್ಯೂಟರಿನಲ್ಲಿ ಕೂತಿದ್ದ ಪೆಂಟಿಯಂ ಚಿಪ್ಪಿನ ಮುಚ್ಚಿದ ಭಾಗ ತೆರೆದುಕೊಳ್ಳುತ್ತಿತ್ತು. ಜನ ಉಗಿದ ಮೇಲೆ ಮರುವರ್ಷ ಅದನ್ನು ನಿಲ್ಲಿಸಿದರು. 2021ರಲ್ಲಿ ಎನ್‌ವಿಡಿಯಾ ಕಂಪನಿ ಕ್ರಿಪ್ಟೊ ನಾಣ್ಯ ಅಗೆಯುವವರ ಕಾಟ ತಾಳದೆ, ಆರ್‌ಟಿಎಕ್ಸ್ 3060 ಎಂಬ ಗ್ರಾಫಿಕ್ಸ್ ಕಾರ್ಡಿಗೆ ಆ ಕೆಲಸದಲ್ಲಿ ಮಾತ್ರ ಅರ್ಧ ವೇಗ ಎಂದು ಬೀಗ ಜಡಿಯಿತು. ಕೆಲವೇ ವಾರಗಳಲ್ಲಿ, ಅಭಿವೃದ್ಧಿಗಾರರಿಗೆಂದು ತಾನೇ ಬಿಟ್ಟ ಒಂದು ಡ್ರೈವರಿನಲ್ಲಿ ಆ ಬೀಗ ಹಾಕುವುದನ್ನೇ ಮರೆತಿತ್ತು. ಕೀಲಿಕೈ ಬಾಗಿಲಲ್ಲೇ ಬಿಟ್ಟು ಹೋಗುವ ಅಭ್ಯಾಸ ನಮ್ಮ ಮನೆಯಲ್ಲೊಬ್ಬರಿಗೇ ಇದೆ ಎಂದುಕೊಂಡಿದ್ದೆ.

ಪುಣೆಗೂ ಕನ್ನಡಕ್ಕೂ ಇಂಥ ಬೀಗದ ಒಂದು ನಂಟಿದೆ, ಹೆಚ್ಚು ಜನ ಅದನ್ನು ನೆನೆಯುವುದಿಲ್ಲ. ಯೂನಿಕೋಡ್ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಕರ್ನಾಟಕದ ಎಷ್ಟೋ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ಪುಸ್ತಕ, ಲಗ್ನಪತ್ರಿಕೆ, ಚುನಾವಣೆಯ ಕರಪತ್ರ ಎಲ್ಲವನ್ನೂ ಅಕ್ಷರಕ್ಕಿಳಿಸಿದ್ದು ಶ್ರೀಲಿಪಿಯಲ್ಲಿ. ಅದು ಪುಣೆಯ ಮಾಡ್ಯುಲರ್ ಇನ್ಫೊಟೆಕ್ ಕಂಪನಿಯದು. ಸಿಡಿ ಜೊತೆಗೆ ಒಂದು ಡಾಂಗಲ್ ಬರುತ್ತಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು, ಕಂಪ್ಯೂಟರಿನ ಬೆನ್ನಿಗೆ ಪ್ರಿಂಟರ್ ವೈರು ಸಿಕ್ಕಿಸುವ ಜಾಗದಲ್ಲಿ ಅದನ್ನು ಚುಚ್ಚಿದರೆ ಮಾತ್ರ ಕನ್ನಡ. ಕಂಪ್ಯೂಟರ್ ಅದೇ, ಕೀಬೋರ್ಡ್ ಅದೇ, ಕೂತ ಹುಡುಗಿಯೂ ಅವಳೇ, ಡಾಂಗಲ್ ಇಲ್ಲದಿದ್ದರೆ ಕನ್ನಡ ಇಲ್ಲ. ಹುಬ್ಬಳ್ಳಿಯಲ್ಲಿ ಡಿಟಿಪಿ ಇಟ್ಟಿದ್ದ ನನ್ನ ಗೆಳೆಯ ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ಹಣ ಮತ್ತು ಡಾಂಗಲ್ ಎರಡನ್ನು ಮಾತ್ರ ಮನೆಗೊಯ್ಯುತ್ತಿದ್ದ. ಕಂಪ್ಯೂಟರ್ ಕಳುವಾದರೆ ಇನ್ನೊಂದು ತರಬಹುದು ಎನ್ನುತ್ತಿದ್ದ. ಅವನ ಜೇಬಿನಲ್ಲಿ ಕನ್ನಡದ ಅಕ್ಷರಗಳು, ಎಲ್ಲ ಒತ್ತಕ್ಷರ ಸಮೇತ ಮಲಗಿರುತ್ತಿದ್ದವು. ನ್ಯಾಯವಾಗಿ ಹೇಳಬೇಕೆಂದರೆ ಇದು ಕಳ್ಳನಕಲಿನ ವಿರುದ್ಧ ಹಾಕಿದ ಬೀಗ. ಕೊಂಡವನಿಗೆ ಕೊಟ್ಟ ಮಾತಿನಂತೆ ಎಲ್ಲವನ್ನೂ ಕೊಡುತ್ತಿತ್ತು. ಆದ್ದರಿಂದ ಅದನ್ನು ನಾನು ಬೇರೆ ಕಪಾಟಿನಲ್ಲಿಡುತ್ತೇನೆ.

ಈ ಊರಿನ ನಿಜವಾದ ಕಥೆ ಗಣೇಶಖಿಂಡದಲ್ಲಿದೆ. 1980ರ ದಶಕದಲ್ಲಿ ಮುಂಗಾರಿನ ಲೆಕ್ಕಕ್ಕೆಂದು ಭಾರತ ಅಮೆರಿಕದ ಕ್ರೇ ಕಂಪನಿಯ ಎಕ್ಸ್‌ಎಂಪಿ-24 ಎಂಬ ಸೂಪರ್‌ಕಂಪ್ಯೂಟರ್ ಕೇಳಿತು. ಅಮೆರಿಕ ಸರ್ಕಾರ ಬಹಳ ಯೋಚಿಸಿ ಎಕ್ಸ್‌ಎಂಪಿ-14 ಕೊಡಲು ಒಪ್ಪಿತು. ಆ ಹೆಸರಿನ ಮೊದಲ ಅಂಕೆ ಪ್ರೊಸೆಸರುಗಳ ಸಂಖ್ಯೆ. ಎರಡು ಕೇಳಿದವರಿಗೆ ಒಂದು. ಅದೂ ದಿಲ್ಲಿಯಲ್ಲಿ ಹವಾಮಾನದ ಲೆಕ್ಕ ಬಿಟ್ಟು ಬೇರೇನನ್ನೂ ಮಾಡಬಾರದು ಎಂಬ ಷರತ್ತಿನ ಮೇಲೆ. ಮೋಡದ ಲೆಕ್ಕ ಮಾಡಬಲ್ಲ ಯಂತ್ರ ಬಾಂಬಿನ ಲೆಕ್ಕವನ್ನೂ ಮಾಡೀತು ಎಂಬ ಅಂಜಿಕೆ. ಇಲ್ಲಿ ಕತ್ತರಿ ಹಾಕಿದ್ದು ಸರ್ಕಾರ, ಕಂಪನಿಯಲ್ಲ. ತೊಯ್ದವನಿಗೆ ಚಾವಣಿ ಕಿತ್ತವರು ಯಾರಾದರೇನು.

ಅದರ ಬಿಸಿಯಲ್ಲೇ 1988ರ ಮಾರ್ಚಿನಲ್ಲಿ ನಮ್ಮದೇ ಸೂಪರ್‌ಕಂಪ್ಯೂಟರ್ ಕಟ್ಟಲೆಂದು ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸಂಸ್ಥೆ ಹುಟ್ಟಿತು. ವಿಜಯ ಭಟ್ಕರ್ ಮುಂದಾಳು, ಜಾಗ ಗಣೇಶಖಿಂಡದ ಪುಣೆ ವಿಶ್ವವಿದ್ಯಾಲಯದ ಆವರಣ, ಗಡುವು ಮೂರು ವರ್ಷ. ಅವರು ಆರಿಸಿಕೊಂಡದ್ದು ಇಂಗ್ಲೆಂಡಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್. ಒಂದೊಂದಾಗಿ ಅದು ಅಂಥ ಭೀಮನಲ್ಲ. ಆದರೆ ಪ್ರತಿ ಚಿಪ್ಪಿಗೂ ಪಕ್ಕದವರೊಂದಿಗೆ ಮಾತಾಡಲು ನಾಲ್ಕು ತಂತುಗಳಿದ್ದವು. ಅಂಥವನ್ನು ಹತ್ತಾರು, ನೂರಾರು ಕಟ್ಟಿ, ಒಂದು ದೊಡ್ಡ ಲೆಕ್ಕವನ್ನು ಚೂರು ಮಾಡಿ ಹಂಚಿ, ಉತ್ತರವನ್ನು ಮತ್ತೆ ಕೂಡಿಸುವುದು ಉಪಾಯ. 1991ರಲ್ಲಿ ಪರಮ್ 8000 ಸಿದ್ಧವಾಯಿತು. ಬೆಂಗಳೂರಿನವರು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ, ಇದೇ ಉಪಾಯದ ಚಿಕ್ಕ ಯಂತ್ರ ಫ್ಲೋಸಾಲ್ವರ್ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1986ರಲ್ಲೇ ಓಡಿತ್ತು. ವಿಮಾನದ ರೆಕ್ಕೆಯ ಸುತ್ತಲಿನ ಗಾಳಿಯ ಲೆಕ್ಕಕ್ಕೆ ಅವರು ಮಾಮೂಲಿ 8086 ಚಿಪ್ಪುಗಳಿಗೆ 8087 ಎಂಬ ಗಣಿತದ ಚಿಪ್ಪನ್ನು ಜೋಡಿಸಿ ಕಟ್ಟಿದ್ದರು.

ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ತಮಾಷೆ ಕಾಣುತ್ತದೆ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಟೆಲ್‌ನವರು ಚೆನ್ನಾಗಿರುವ ಚಿಪ್ಪಿನೊಳಗಿನ ಗಣಿತದ ಅಂಗಕ್ಕೆ ಬೀಗ ಹಾಕಿ ಕಿರಿದು ಮಾಡುತ್ತಿದ್ದರು. ಅದೇ ವರ್ಷ ಗಣೇಶಖಿಂಡದಲ್ಲಿ ಸಣ್ಣ ಸಣ್ಣ ಚಿಪ್ಪುಗಳ ಕೈಹಿಡಿಸಿ ಹಿರಿದು ಮಾಡುತ್ತಿದ್ದರು. ಪುಣೆಯ ಹೆಮ್ಮೆ ಇಷ್ಟಕ್ಕೇ ನಿಂತಿದ್ದರೆ ಚೆಂದವಿತ್ತು. ಆದರೆ 2018ರ ಜನವರಿಯಲ್ಲಿ ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ, ಅಂದರೆ ಐಐಟಿಎಂನಲ್ಲಿ, ಪ್ರತ್ಯೂಷ್ ಎಂಬ 4 ಪೆಟಾಫ್ಲಾಪ್ ವೇಗದ ಯಂತ್ರ ಶುರುವಾಯಿತು, ಅದೇ ಮುಂಗಾರಿನ ಲೆಕ್ಕಕ್ಕೆ. ಅದರ ತಯಾರಕರು ಯಾರು ಗೊತ್ತೆ? ಕ್ರೇ. ಮೂವತ್ತು ವರ್ಷದ ಹಿಂದೆ ಎರಡು ಪ್ರೊಸೆಸರಿಗೆ ಮುಖ ಸಿಂಡರಿಸಿದ ದೇಶದಿಂದ ಸಾವಿರಗಟ್ಟಲೆ ಪ್ರೊಸೆಸರಿನ ಗೂಡುಗಳು ಬಂದು ಇಳಿದವು. ನಾವು ಮಾಡಬಲ್ಲೆವು ಎಂದು ತೋರಿಸಿದ ಮೇಲೆ ಕೊಡಲು ಅವರಿಗೂ ಮುಜುಗರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಗೆ 11.77 ಪೆಟಾಫ್ಲಾಪ್‌ನ ಅರ್ಕ ಬಂತು. ಇಷ್ಟೆಲ್ಲ ಇದ್ದೂ ನನ್ನ ಹೆಂಡತಿ ಹಪ್ಪಳ ಒಣಗಿಸಲು ಆಕಾಶವನ್ನೇ ನೋಡುತ್ತಾಳೆ, ಅದು ಬೇರೆ ಮಾತು.

ಆ ಹಳೆಯ ನಾಟಕ ಈಗ ಮತ್ತೆ ರಂಗಕ್ಕೆ ಬಂದಿದೆ. ಕೃತಕ ಬುದ್ಧಿಮತ್ತೆಗೆ ಬೇಕಾದ ಚಿಪ್ಪುಗಳನ್ನು ಚೀನಾಕ್ಕೆ ಕೊಡಕೂಡದು ಎಂದು 2022ರಲ್ಲಿ ಅಮೆರಿಕ ನಿಯಮ ಮಾಡಿದಾಗ ಎನ್‌ವಿಡಿಯಾ ತನ್ನ ಎ100 ಚಿಪ್ಪುಗಳು ಪರಸ್ಪರ ಮಾತಾಡುವ ವೇಗವನ್ನು ಸೆಕೆಂಡಿಗೆ 600 ಗಿಗಾಬೈಟಿನಿಂದ 400ಕ್ಕೆ ಇಳಿಸಿ, ಎ800 ಎಂದು ಹೆಸರಿಟ್ಟು ಕಳಿಸಿತು. ಹೆಸರಿನ ಸಂಖ್ಯೆ ದೊಡ್ಡದಾಯಿತು, ಚಿಪ್ ಚಿಕ್ಕದಾಯಿತು. ಮರುವರ್ಷ ಅದಕ್ಕೂ ತಡೆ ಬಂತು. 2025ರ ಜನವರಿಯಲ್ಲಿ ಹೊರಟ ಇನ್ನೊಂದು ನಿಯಮ ಭಾರತವನ್ನೂ ಎಣಿಸಿ ಕೊಡುವ ಸಾಲಿನಲ್ಲಿ ನಿಲ್ಲಿಸಿತ್ತು. ಮೇ ತಿಂಗಳಲ್ಲಿ ಅಲ್ಲಿನ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ಐರಾವತ ಎಂಬ ಯಂತ್ರ ಸೂಪರ್‌ಕಂಪ್ಯೂಟರುಗಳ 2023ರ ಜಾಗತಿಕ ಪಟ್ಟಿಯಲ್ಲಿ 75ನೇ ಸ್ಥಾನ ಪಡೆದಿತ್ತು. ಆದರೆ ಅದರ ಹೊಟ್ಟೆಯೊಳಗಿರುವುದೂ ಅದೇ ಎನ್‌ವಿಡಿಯಾ ಚಿಪ್ಪು.

ಹೊರಗಿನವರನ್ನೇ ಏಕೆ ಅನ್ನಬೇಕು? ನಮ್ಮ ಸರ್ಕಾರವೂ ಒಂದು ಕಾಲದಲ್ಲಿ ಇಡೀ ಕಾರ್ಖಾನೆಗೇ ಇಂಥ ಬೀಗ ಹಾಕಿತ್ತು. ಅಕುರ್ಡಿಯ ಬಜಾಜ್ ಕಾರ್ಖಾನೆ ಇನ್ನೂ ಹೆಚ್ಚು ಸ್ಕೂಟರ್ ಮಾಡಬಲ್ಲದಾಗಿತ್ತು, ಜನ ದುಡ್ಡು ಹಿಡಿದು ಸಾಲಿನಲ್ಲಿ ನಿಂತಿದ್ದರು, ಲೈಸೆನ್ಸಿನಲ್ಲಿ ಬರೆದಷ್ಟಕ್ಕಿಂತ ಹೆಚ್ಚು ಮಾಡುವಂತಿರಲಿಲ್ಲ. ಜನರಿಗೆ ಬೇಕಾದ ಸರಕನ್ನು ಹೆಚ್ಚು ತಯಾರಿಸಿದ್ದಕ್ಕೆ ಜೈಲಿಗೆ ಹಾಕುವುದಾದರೆ ಹೋಗಲು ಸಿದ್ಧ ಎಂದು ರಾಹುಲ್ ಬಜಾಜ್ ಬಹಿರಂಗವಾಗಿ ಹೇಳಿದ್ದರು. ಹತ್ತು ವರ್ಷ ಕಾದು ಸ್ಕೂಟರ್ ಪಡೆದವರಿದ್ದರು. ಬುಕಿಂಗ್ ಮಾಡಿಸಿದಾಗ ಬ್ರಹ್ಮಚಾರಿ, ಗಾಡಿ ಬಂದಾಗ ಹಿಂದೊಬ್ಬಳು, ಮುಂದೊಂದು, ನಡುವೆ ಇನ್ನೊಂದು. ಬಜಾಜಿನ ಆ ಚೇತಕ್ ಸ್ಕೂಟರ್ ಒಮ್ಮೆ ಮನೆಗೆ ಬಂದರೆ ತನ್ನಲ್ಲಿದ್ದುದನ್ನೆಲ್ಲ ಕೊಡುತ್ತಿತ್ತು. ಬೆಳಗಿನ ಚಳಿಯಲ್ಲಿ ಒಂದು ಪಕ್ಕಕ್ಕೆ ವಾಲಿಸಿ, ನಾಲ್ಕು ಕಿಕ್ ಹೊಡೆದು, ಒಂದೆರಡು ಬೈಗುಳ ಕೊಟ್ಟರೆ ಅಷ್ಟೂ ಶಕ್ತಿ ಎದ್ದು ನಿಲ್ಲುತ್ತಿತ್ತು.

ಅದೇ ಅಕುರ್ಡಿಯಲ್ಲಿ ಈಗ ಬ್ಯಾಟರಿಯ ಚೇತಕ್ ತಯಾರಾಗುತ್ತದೆ. 2023ರ ಕೊನೆಯಲ್ಲಿ ಬಂದ ಅರ್ಬೇನ್ ಎಂಬ ಮಾದರಿ ಗಂಟೆಗೆ 63 ಕಿಲೋಮೀಟರ್ ಓಡುತ್ತಿತ್ತು. ಮೇಲೆ ಹಣ ಕೊಟ್ಟು ಟೆಕ್‌ಪ್ಯಾಕ್ ಎಂಬ ಸಾಫ್ಟ್‌ವೇರ್ ಕಂತೆ ತೆಗೆದುಕೊಂಡರೆ 73. ಸ್ಪೋರ್ಟ್ ಮೋಡ್ ಬರುತ್ತಿತ್ತು, ಹಿಂದಕ್ಕೂ ಹೋಗುತ್ತಿತ್ತು, ಏರಿನಲ್ಲಿ ಜಾರದೆ ನಿಲ್ಲುತ್ತಿತ್ತು. ಆ 10 ಕಿಲೋಮೀಟರ್‌ಗಾಗಿ ಯಾರೂ ಸ್ಪ್ಯಾನರ್ ಮುಟ್ಟಬೇಕಿರಲಿಲ್ಲ. ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಈ ವಿಷಯ ಬಂದಾಗ ಎದುರುಮನೆಯ ಜೋಶಿಕಾಕಾ, ಪುಣೆಯ ಟ್ರಾಫಿಕ್ಕಿನಲ್ಲಿ 63 ಮುಟ್ಟಿದವನಿಗೆ ಸತ್ಕಾರ ಮಾಡಬೇಕು, 73 ಯಾರಿಗೆ ಬೇಕು ಎಂದರು. ಅವರ ಮಾತು ನಿಜ. ನನಗೂ ಇದರಲ್ಲಿ ಸಿಟ್ಟಿಲ್ಲ. ಎರಡು ಬೆಲೆ, ಎರಡು ವೇಗ, ಎರಡೂ ಕಂಪನಿಯೇ ಪ್ರಕಟಿಸಿದ್ದು. ಪಾಟಿ ಹಾಕಿದ್ದಾರೆ.

ಅಮೆರಿಕದ ಟೆಸ್ಲಾ ಕಾರಿನವರು ಇನ್ನೊಂದು ಹೆಜ್ಜೆ ಮುಂದೆ. 2017ರಲ್ಲಿ ಫ್ಲೋರಿಡಾಕ್ಕೆ ಇರ್ಮಾ ಚಂಡಮಾರುತ ನುಗ್ಗಿದಾಗ, ಕಡಿಮೆ ದೂರ ಓಡುವ ಕಾರುಗಳೆಂದು ಮಾರಿದ್ದ ಕೆಲವಕ್ಕೆ ಕಂಪನಿ ದೂರದಿಂದಲೇ ಬ್ಯಾಟರಿಯ ಮುಚ್ಚಿದ ಭಾಗವನ್ನು ತಾತ್ಕಾಲಿಕವಾಗಿ ತೆರೆದುಕೊಟ್ಟಿತು. ಜನ ಸುರಕ್ಷಿತವಾಗಿ ದೂರ ಹೋದರು, ಕೃತಜ್ಞತೆಯನ್ನೂ ಹೇಳಿದರು. ಅಷ್ಟು ಭಾರದ ಬ್ಯಾಟರಿಯನ್ನು ಇಷ್ಟು ದಿನ ತಾವೇ ಹೊತ್ತು ತಿರುಗುತ್ತಿದ್ದೆವು ಎಂಬುದು ಬಿರುಗಾಳಿ ನಿಂತ ಮೇಲೆ ಹೊಳೆದಿರಬೇಕು.

ಇಷ್ಟು ಸುತ್ತಿದ ಮೇಲೆ ನನ್ನದೊಂದು ತೀರ್ಪು ಸಿದ್ಧವಾಗಿದೆ, ಕೇಳಿದವರು ಯಾರೂ ಇಲ್ಲದಿದ್ದರೂ. ಕಡಿಮೆ ದುಡ್ಡಿಗೆ ಕಡಿಮೆ ಕೊಡುವುದು ವ್ಯಾಪಾರ. ಪೂರ್ತಿ ತಯಾರಿಸಿ, ಅರ್ಧ ಮುಚ್ಚಿ, ಅದನ್ನು ಹೇಳಿಯೇ ಮಾರಿದರೆ ಅದೂ ವ್ಯಾಪಾರವೇ, ಸ್ವಲ್ಪ ಜಿಪುಣತನದ್ದು. ಅಗ್ಗದ ಎಸ್‌ಎಕ್ಸ್ ಬಂದಿದ್ದರಿಂದಲೇ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಕಾಲಿಟ್ಟಿತು ಎಂಬ ಮಗಳ ವಾದವನ್ನೂ ಒಪ್ಪುತ್ತೇನೆ. ಹೇಳದೆ ಮುಚ್ಚಿದರೆ ಅದು ಮೋಸ. ಕೊಂಡು ಮನೆಗೆ ತಂದು ಹಣ ಸಂದಾಯವಾದ ಮೇಲೆ, ರಾತ್ರಿ ನಾವು ಮಲಗಿರುವಾಗ ಅಪ್‌ಡೇಟ್ ಎಂಬ ಹೆಸರಿನಲ್ಲಿ ಒಳಬಂದು ಇದ್ದುದನ್ನು ಕಡಿಮೆ ಮಾಡಿದರೆ ಅದಕ್ಕೆ ನಮ್ಮ ಕಡೆ ಏನನ್ನುತ್ತಾರೋ ಅದನ್ನು ಇಲ್ಲಿ ಅಚ್ಚು ಮಾಡುವುದಿಲ್ಲ. ಬ್ಯಾಟರಿ ಹಳತಾದ ಐಫೋನುಗಳನ್ನು ತಾನೇ ನಿಧಾನ ಮಾಡಿದ್ದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಫೋನ್ ಹಠಾತ್ತನೆ ಆರಿಹೋಗದಿರಲೆಂದು ಹಾಗೆ ಮಾಡಿದೆವು ಎಂದಿತು. ಇರಬಹುದು. ಮೊದಲೇ ಒಂದು ಸಾಲು ಹೇಳಿದ್ದರೆ ಬ್ಯಾಟರಿ ಬದಲಿಸಿದರೆ ಸಾಕೆಂದು ಗೊತ್ತಾಗಿ ಎಷ್ಟೋ ಜನ ಹೊಸ ಫೋನಿನ ದುಡ್ಡು ಉಳಿಸುತ್ತಿದ್ದರು.

ಹುಡುಗ ನನ್ನ ಪ್ರಿಂಟರಿಗೆ ಹೊಸ ಚಿಪ್ ಅಂಟಿಸಿ ಹಳೆಯ ಶಾಯಿಯಲ್ಲೇ ಎಬ್ಬಿಸಿಕೊಟ್ಟ. ಆ ಚಿಪ್ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಬ್ಯಾಂಕಿನ ದಾಖಲೆಯಲ್ಲಿ ನಾನು ಸದ್ಯಕ್ಕೆ ಜೀವಂತ.

ರಿಪೇರಿಯ ಹಕ್ಕಿಗೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಸಾಮಾನು, ವಾಹನ, ಈ ನಾಲ್ಕು ಬಗೆಯ ಕಂಪನಿಗಳು ಅಲ್ಲಿ ತಮ್ಮ ಬಿಡಿಭಾಗ, ರಿಪೇರಿಯ ವಿವರ ಹಾಕಬೇಕೆಂಬುದು ಆಶಯ. ಒಳ್ಳೆಯದು, ಒಮ್ಮೆ ನೋಡಿ. ಆದರೆ ಕಾನೂನು ಬರುವವರೆಗೆ ಕಾಯುವ ಬದಲು, ಮುಂದಿನ ಸಲ ಪ್ರಿಂಟರನ್ನೋ ಸ್ಕೂಟರನ್ನೋ ಕೊಳ್ಳಲು ಹೋದಾಗ ಬೆಲೆ ಕೇಳುವ ಮೊದಲೇ ಇಷ್ಟು ಕೇಳಿ: ಇದರೊಳಗೆ ಏನೇನಿದೆ, ಅದರಲ್ಲಿ ನನಗೆಷ್ಟು ಕೊಡುತ್ತೀರಿ, ಕೊಟ್ಟದ್ದನ್ನು ನಾಳೆ ವಾಪಸ್ ತೆಗೆದುಕೊಳ್ಳುತ್ತೀರಾ? ಅಂಗಡಿಯವನು ನಕ್ಕರೂ ಬಿಡಬೇಡಿ. ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿಕೊಳ್ಳಿ.